ಅಪ್ಪನ ಹಿತ್ತಲದ ಕಹಿ ಸೋರೆ

ಆಗೆಲ್ಲ ಹೊಲ ಗಂಡಸರದು, ಹಿತ್ತಲ ಹೆಂಗಸರದು. ಯಾರೂ ಕೂತು ಹೀಗೆಂದು ಹಂಚಿಕೊಟ್ಟದ್ದಲ್ಲ. ನಮ್ಮ ಹತ್ತಿಮತ್ತೂರಿನಲ್ಲಿ ಅದು ಮೊದಲಿನಿಂದ ಹಾಗೇ ಇತ್ತು. ಈ ವರ್ಷ ಜೋಳವೋ ಹತ್ತಿಯೋ ಎಂಬುದನ್ನು ಗಂಡಸರು ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು. ಮನೆಯ ಹಿಂದೆ ಬಚ್ಚಲ ನೀರು ಹರಿಯುವ ಕಡೆ ಹೀರೆ ಎಲ್ಲಿ ಹಬ್ಬಬೇಕು, ಮೆಂತ್ಯೆ ಎಷ್ಟು ಚೆಲ್ಲಬೇಕು ಎಂಬುದು ಹೆಂಗಸರ ಕಾರಭಾರ. ಎತ್ತು ಹಗ್ಗ ಕಿತ್ತುಕೊಂಡು ನುಗ್ಗಿದಾಗ ಬಿಟ್ಟರೆ ಗಂಡಸರು ಹಿತ್ತಲದ ಕಡೆ ತಲೆ ಹಾಕುತ್ತಿರಲಿಲ್ಲ. ನೀವೂ ಆ ಕಾಲದವರಾದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮನೆಯಲ್ಲಿ ಮಾತ್ರ ಇದು ತಿರುಗುಮುರುಗಾಯಿತು. ನಾನು ಎರಡನೇ ಇಯತ್ತೆಯಲ್ಲಿದ್ದಾಗ ಅವ್ವ ಹೆರಿಗೆಯಲ್ಲಿ ಕೂಸನ್ನು ಕಳೆದುಕೊಂಡಳು. ಅದರ ಹಿಂದೆಯೇ ಅವಳ ನಡ ಬಿತ್ತು, ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಅಪ್ಪ ಅವಳನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ಯಲವಿಗಿಗೆ ಒಯ್ದು, ಅಲ್ಲಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಹೋದ ಹಾಗೆಯೇ ತಿರುಗಿ ಬಂದರು. ಮುಂದೆ ಎರಡು ವರ್ಷ ಅವ್ವ ಪಡಸಾಲೆಯ ಮೂಲೆಯ ಹೊರಸಿನ ಮೇಲೆ, ಅಪ್ಪ ಅವಳ ಮಗ್ಗುಲಲ್ಲಿ. ಹೊಲವನ್ನು ಪಾಲಿಗೆ ಕೊಟ್ಟ. ಅವಳನ್ನು ಹೊರಳಿಸುವುದು, ಮೈ ಒರೆಸುವುದು, ಬಟ್ಟೆ ಒಗೆಯುವುದು, ಕಸ, ಮುಸುರೆ, ಅಡಿಗೆ ಎಲ್ಲವೂ ಅವನದೇ ಆಯಿತು.

ರೊಟ್ಟಿಯನ್ನೂ ಅವನೇ ಬಡಿಯುತ್ತಿದ್ದ. ಆ ದಿನಗಳಲ್ಲಿ ಬೆಳಕು ಹರಿಯಿತೆಂದರೆ ಓಣಿಯ ಒಂದೊಂದು ಮನೆಯಿಂದಲೂ ರೊಟ್ಟಿ ಬಡಿಯುವ ಸಪ್ಪಳ ಏಳುತ್ತಿತ್ತು, ಜೊತೆಗೆ ಬಳೆಗಳ ಸದ್ದು. ಕೇಳಿದ ಮಾತ್ರಕ್ಕೆ ಇದು ಯಾರ ಕೈಯೆಂದು ಹೇಳಬಹುದಿತ್ತು. ನಮ್ಮ ಮನೆಯದು ಬಳೆಯ ಸದ್ದಿಲ್ಲದ, ನಿಧಾನವಾದ, ಭಾರವಾದ ಸಪ್ಪಳ. ನಾನು ಪಾಟಿಚೀಲ ಹೆಗಲಿಗೆ ಹಾಕಿ ಹೊರಟರೆ ಹುಡುಗರು ಅಂಗೈಗೆ ಅಂಗೈ ಬಡಿದು ಅದೇ ಸಪ್ಪಳ ಮಾಡಿ ತೋರಿಸುತ್ತಿದ್ದರು. ಕುಂಟಾಟಕ್ಕೆ ಸೇರಿಸಿಕೊಳ್ಳುವ ಮೊದಲು ಗೆಳತಿಯರು, ಇವತ್ತು ಸುಟ್ಟ ರೊಟ್ಟಿಯೋ ಹಸಿ ರೊಟ್ಟಿಯೋ ಎಂದು ಕೇಳಿ ನಗುತ್ತಿದ್ದರು. ಅಪ್ಪ ಹಿಟ್ಟು ನಾದುವ ಕೊಣಮಗೆಯ ಮುಂದೆ ಕೂತನೆಂದರೆ ನಾನು ಕೌದಿಯೊಳಗೆ ಹೊಕ್ಕು ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಅವ್ವನ ಬೇನೆಗಿಂತ ಅಪ್ಪನ ರೊಟ್ಟಿಯೇ ನನಗೆ ದೊಡ್ಡ ಸಂಕಟವಾಗಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೆ.

ಯುಗಾದಿ ಕಳೆದ ಮೇಲೆ ಅವ್ವ ತೀರಿಕೊಂಡಳು. ದಿನಕಾರ್ಯಕ್ಕೆ ಹಿರೇಕೆರೂರಿನಿಂದ ಅಪ್ಪನ ಅಕ್ಕ, ನನ್ನ ಅತ್ತೆ, ಬಂದಿದ್ದಳು. ಎತ್ತರದ ಆಳು, ಮಾತು ಕಡಿಮೆ. ಹೆಣ್ಣುಮಗುವನ್ನು ಗಂಡಸೊಬ್ಬನೇ ಬೆಳೆಸಲು ಆಗುವುದಿಲ್ಲ, ಪಂಚಮಿಗೆ ಬಂದು ನೀಲಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದು ಬಂಧುಗಳೆದುರು ಹೇಳಿದಳು. ಅಪ್ಪ ತಲೆ ಬಗ್ಗಿಸಿ ಕೂತಿದ್ದ. ನನಗೆ ಒಳಗೊಳಗೇ ಸಮಾಧಾನವಾಯಿತು. ಅತ್ತೆಯ ಮನೆಯಲ್ಲಿ ರೊಟ್ಟಿ ಬಡಿಯಲು ಸೊಸೆಯಂದಿರಿದ್ದರು.

ಎಲ್ಲರೂ ಹೋದ ಮೇಲೆ ಅಪ್ಪನಿಗೆ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದಂತಾಯಿತು. ಅವ್ವನನ್ನು ಹೊರಳಿಸುವ ಹೊತ್ತಿಗೆ ಎದ್ದು ಆ ಮೂಲೆಗೆ ಹೋಗುತ್ತಿದ್ದ, ಖಾಲಿ ಹೊರಸಿನ ಹತ್ತಿರ ಸ್ವಲ್ಪ ನಿಂತು ತಿರುಗಿ ಬರುತ್ತಿದ್ದ. ಹೊಲಕ್ಕೆ ಹೋಗೆಂದು ಜನ ಹೇಳಿದರೆ ಹೂಂ ಎನ್ನುತ್ತಿದ್ದ, ಹೋಗುತ್ತಿರಲಿಲ್ಲ. ನನ್ನ ಜೊತೆಗೂ ಮಾತು ನಿಂತಿತು.

ಮಿರಗದ ಮಳೆಗೆ ಮುಂಚೆ ಹಿಂದಿನ ಗೋಡೆ ಸಾರಿಸಲೆಂದು ಅಪ್ಪ ಹಳೆಯ ಸೆಗಣಿ ಕೆರೆಯತೊಡಗಿದ. ಗೋಡೆಯ ಮೇಲೆ ಅಂಗೈಯಗಲದ ಒಣ ಬಿಲ್ಲೆಗಳು ಅಂಟಿಕೊಂಡಿದ್ದವು. ಒಂದನ್ನು ಕಿತ್ತು ಮುರಿದ. ಒಳಗೆ ಬೀಜ. ಹುಳ ಹತ್ತಬಾರದೆಂದು ಬೀಜವನ್ನು ಬೂದಿ ಕಲಸಿದ ಸೆಗಣಿಯಲ್ಲಿ ಒತ್ತಿ ಗೋಡೆಗೆ ಬಡಿದಿಡುವುದು ಆಗಿನ ಪದ್ಧತಿ. ಅವ್ವ ಹಾಸಿಗೆ ಹಿಡಿಯುವ ಮೊದಲು ಬಡಿದಿಟ್ಟದ್ದು ಅದು. ಬಿಲ್ಲೆಗಳ ಮೇಲೆ ಅವಳ ಬೆರಳಿನ ಗುರುತು ಹಾಗೆಯೇ ಉಳಿದಿತ್ತು. ಅಪ್ಪ ಆ ಗುರುತಿನಲ್ಲಿ ತನ್ನ ಬೆರಳಿಟ್ಟು ನೋಡಿದ. ಆ ಮೇಲೆ ಎಲ್ಲವನ್ನೂ ಕಿತ್ತ. ಸೂರಿನ ಕೆಳಗೆ, ಉಳಿದವುಗಳಿಂದ ದೂರದಲ್ಲಿ ನಾಲ್ಕಾರು ಬೇರೆ ಇದ್ದವು. ಅವನ್ನೂ ಕಿತ್ತು ಒಂದೇ ಬುಟ್ಟಿಗೆ ಹಾಕಿದ. ಯಾವುದು ಏನೆಂದು ಅವನಿಗೆ ಗೊತ್ತಿರಲಿಲ್ಲ. ಮಳೆ ಬಿದ್ದ ಮರುದಿನ ಅಷ್ಟನ್ನೂ ಹಿತ್ತಲದಲ್ಲಿ ಊರಿದ.

ಮೊಳಕೆ ಬಂದ ದಿನ ಅಪ್ಪ ನನ್ನನ್ನು ಕೂಗಿ ಕರೆದ. ಎಷ್ಟೋ ದಿನಗಳ ಮೇಲೆ ನನ್ನ ಹೆಸರು ಅವನ ಬಾಯಲ್ಲಿ ಬಂದಿತ್ತು. ಅಲ್ಲಿಂದ ಅವನಿಗೆ ಹಿತ್ತಲವೇ ಮನೆ. ಅವ್ವನ ಮೈ ಒರೆಸಲು ನೀರು ಕಾಯಿಸುತ್ತಿದ್ದ ಗುಂಡಿಪಾತ್ರೆಯಲ್ಲಿ ಸಸಿಗಳಿಗೆ ನೀರು ಹೊತ್ತ. ಕಟ್ಟಿಗೆ ನೆಟ್ಟು ಚಪ್ಪರ ಮಾಡಿದ. ಬಳ್ಳಿಗಳನ್ನು ಚಪ್ಪರಕ್ಕೆ ಕಟ್ಟಲು ಅವ್ವನ ಹಸಿರು ಸೀರೆಯನ್ನು ಹರಿದು ಪಟ್ಟಿ ಮಾಡಿಕೊಂಡ. ಬಳ್ಳಿ ಎತ್ತಿ ಕಟ್ಟುವಾಗ, ಅವ್ವನ ಕಾಲು ಎತ್ತಿ ಇಡುತ್ತಿದ್ದಾಗಿನಂತೆ, ಕೆಳಗೆ ಒಂದು ಕೈ ಕೊಟ್ಟಿರುತ್ತಿದ್ದ. ಬೇಲಿಯಾಚೆ ಹುಡುಗರು ನಿಂತು ನಗುತ್ತಿದ್ದರು. ರೊಟ್ಟಿ ಸಾಲದ್ದಕ್ಕೆ ಈಗ ಹಿತ್ತಲವೂ ಸೇರಿತಲ್ಲ ಎಂದು ನಾನು ಒಳಗೆ ಓಡುತ್ತಿದ್ದೆ.

ಆದರೆ ಎಷ್ಟು ದಿನ ಓಡುವುದು? ಮಳೆ ನಿಂತಾಗ ಏಳುವ ಹಸಿ ಮಣ್ಣಿನ ವಾಸನೆಯಲ್ಲಿ ಮೆಂತ್ಯೆಯ ಘಮ ಬೆರೆತಿರುತ್ತಿತ್ತು. ಅಪ್ಪ ಎಳೆ ಮೆಂತ್ಯೆ ಕಿತ್ತು, ಉಳ್ಳಾಗಡ್ಡಿ ಹೆಚ್ಚಿ ಹಾಕಿ, ಗುರೆಳ್ಳಿನ ಹಿಂಡಿಪುಡಿ ಉದುರಿಸಿ ರೊಟ್ಟಿಯಲ್ಲಿ ಸುತ್ತಿ ಕೊಡುತ್ತಿದ್ದ. ಹೀರೆ ಹೂ ಸಂಜೆಗೆ ಅರಳುವುದನ್ನು ನೋಡಲು ಇಬ್ಬರೂ ಕೂತಿರುತ್ತಿದ್ದೆವು. ಅಪ್ಪ ತನ್ನಷ್ಟಕ್ಕೆ ಸಣ್ಣಗೆ ಹಾಡಿಕೊಳ್ಳಲು ಶುರುಮಾಡಿದ. ಶ್ರಾವಣ ಹತ್ತಿರ ಬಂದಂತೆ ನನಗೆ ಹಿರೇಕೆರೂರಿಗೆ ಹೋಗುವ ಮಾತು ಬೇಡವಾಗತೊಡಗಿತು. ಅದನ್ನು ಯಾರೊಂದಿಗೂ ಹೇಳಲಿಲ್ಲ.

ಚಪ್ಪರದ ತುಂಬ ಸೋರೆ ಬಿಟ್ಟಿತು. ಹಾಲುಬಣ್ಣದ, ಹೊಟ್ಟೆ ದೊಡ್ಡದಾದ ಕಾಯಿಗಳು. ಹಿತ್ತಲದ ಮೊದಲ ಕಾಯಿಯನ್ನು ಮನೆಯವರು ತಿನ್ನದೆ ಓಣಿಗೆ ಹಂಚುವುದು ಅವ್ವನ ರೂಢಿ. ಅಪ್ಪನೂ ಅದನ್ನೇ ಮಾಡಿದ. ಒಂದೊಂದು ಮನೆಗೂ ನನ್ನ ಕೈಯಲ್ಲಿ ಒಂದೊಂದು ಕಾಯಿ ಕಳಿಸಿದ. ಪಕ್ಕದ ಮನೆಯ ಗುರವ್ವ ಎರಡೂ ಕೈಯಿಂದ ತೆಗೆದುಕೊಂಡು ನನ್ನ ತಲೆ ಸವರಿದಳು. ಎಲ್ಲಕ್ಕಿಂತ ಚೆಂದದ ಕಾಯಿಯನ್ನು ಅಪ್ಪ ಬಳ್ಳಿಯಲ್ಲೇ ಬಿಟ್ಟ. ಪಂಚಮಿಗೆ ಬರಬೇಕಾಗಿದ್ದ ಅತ್ತೆ, ಹಬ್ಬವಿಲ್ಲದ ವರ್ಷವೆಂದು ತಡಮಾಡಿ, ಆ ವಾರ ಬರುವವಳಿದ್ದಳು. ಅಕ್ಕನಿಗೆ ತನ್ನ ಕೈಯಾರೆ ಅದರ ಪಲ್ಯ ಮಾಡಿ ಬಡಿಸಬೇಕು, ಮನೆ ನಡೆಸಲು ತನಗೆ ಬರುತ್ತದೆ ಎಂದು ಅವಳು ಕಣ್ಣಾರೆ ನೋಡಬೇಕು ಎಂಬುದು ಅವನ ಆಸೆ. ಅದನ್ನು ಎಷ್ಟು ಸಲ ಹೇಳಿದನೋ.

ಮರುದಿನ ಶಾಲೆಗೆ ಹೋಗುವಾಗ ನೋಡಿದೆ. ದಾರಿಯ ಪಕ್ಕದ ತಿಪ್ಪೆಗಳ ಮೇಲೆ ನಮ್ಮ ಸೋರೆಕಾಯಿಗಳು ಬಿದ್ದಿದ್ದವು. ಗುರವ್ವನ ತಿಪ್ಪೆಯ ಮೇಲೊಂದು, ಆಚೆ ಮನೆಯವರದರ ಮೇಲೊಂದು. ಕೆಲವನ್ನು ಕೊಯ್ದು ಎಸೆದಿದ್ದರು, ಒಂದು ಮನೆಯವರು ಬೇಯಿಸಿದ ಪಲ್ಯವನ್ನೇ ಚೆಲ್ಲಿದ್ದರು. ಸುತ್ತ ಯಾರೂ ಇಲ್ಲದ್ದು ನೋಡಿ ಒಂದು ಚೂರಿಗೆ ನಾಲಿಗೆ ತಾಗಿಸಿದೆ. ಆ ಕಹಿ ಸಂಜೆಯವರೆಗೂ ಬಾಯಿಂದ ಹೋಗಲಿಲ್ಲ. ಯಾರೂ ಅಪ್ಪನಿಗೆ ಹೇಳಲಿಲ್ಲ. ಎದುರಿಗೆ ಸಿಕ್ಕವರೆಲ್ಲ ಕಾಯಿ ಭಾಳ ಚಲೋ ಇತ್ತೆಂದರು, ಅಪ್ಪ ಹಿಗ್ಗಿ ನನಗೆ ಬಂದು ಹೇಳಿದ. ಓಣಿಯೆಲ್ಲ ನಮ್ಮನ್ನು ನೋಡಿ ಮರುಗುತ್ತಿದೆ ಎಂಬುದು ನನಗೆ ನಗುವುದಕ್ಕಿಂತ ಹೆಚ್ಚಿನ ಅವಮಾನವಾಗಿ ಕಂಡಿತು.

ಅತ್ತೆ ಆ ಪಲ್ಯವನ್ನು ಬಾಯಿಗಿಟ್ಟರೆ ಮುಗಿಯಿತು, ಅಂದೇ ನನ್ನ ಬಟ್ಟೆ ಗಂಟು ಕಟ್ಟುತ್ತಾಳೆ. ಅಪ್ಪನಿಗೆ ಹೇಳೋಣವೆಂದರೆ ಅವನ ಮುಖದ ಮೇಲಿನ ಕಳೆಯನ್ನು ಒರೆಸಿ ಹಾಕಲು ನನ್ನಿಂದ ಆಗಲಿಲ್ಲ. ಅತ್ತೆ ಬರುವ ದಿನ ಅಪ್ಪ ಉಪ್ಪು ತರಲು ಅಂಗಡಿಗೆ ಹೋದಾಗ ಆ ಕಾಯಿಯನ್ನು ಕಿತ್ತು, ಉಟ್ಟಿದ್ದ ಪರಕಾರದಲ್ಲಿ ಸುತ್ತಿಕೊಂಡು ಕೆರೆಗೆ ಓಡಿದೆ. ಇದ್ದ ಶಕ್ತಿಯೆಲ್ಲ ಹಾಕಿ ಎಸೆದೆ. ಅದು ಒಮ್ಮೆ ಮುಳುಗಿ, ಮೇಲೆದ್ದು, ತೇಲತೊಡಗಿತು. ಈಜು ಕಲಿಯುವ ಹುಡುಗರು ನಡಕ್ಕೆ ಸೋರೆಯ ಬುರುಡೆ ಕಟ್ಟಿಕೊಳ್ಳುವುದನ್ನು ದಿನಾ ನೋಡಿದವಳಿಗೆ ಆ ಬುದ್ಧಿ ಹೊಳೆದಿರಲಿಲ್ಲ. ಕಲ್ಲು ಎಸೆದೆ. ಗಾಳಿ ಅದನ್ನು ಮತ್ತೆ ದಂಡೆಯ ಕಡೆಗೇ ತಂದಿತು. ಅಳುತ್ತ ಮನೆಗೆ ಬಂದೆ.

ಅತ್ತೆ ಹಾನಗಲ್ಲಿನ ಮೇಲೆ ಹಾದು ಬರುವ ಬಸ್ಸಿನಲ್ಲಿ ಸವಣೂರಿಗೆ ಬಂದು, ಅಲ್ಲಿಂದ ಬಾಡಿಗೆ ಚಕ್ಕಡಿಯಲ್ಲಿ ಬಂದಿಳಿದಳು. ಚಕ್ಕಡಿಯ ಎತ್ತುಗಳಿಗೆ ನೀರು ಕುಡಿಸಲು ಅಪ್ಪನೇ ಕೆರೆಗೆ ಹೊಡೆದುಕೊಂಡು ಹೋದ. ತಿರುಗಿ ಬಂದಾಗ ಅವನ ಧೋತರ ಮೊಣಕಾಲಿನವರೆಗೆ ತೊಯ್ದಿತ್ತು. ಕೈಯಲ್ಲಿ ಸೋರೆಕಾಯಿ. ಅದರ ತೊಟ್ಟಿಗೆ ಹಸಿರು ಸೀರೆಯ ಪಟ್ಟಿ ಹಾಗೆಯೇ ಇತ್ತು.

ಅವನು ಬೈಯಲಿಲ್ಲ. ಹಿತ್ತಲ ಬಾಗಿಲಲ್ಲಿ ಕೂತು ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡ. ಅತ್ತೆ ಒಳಗೆ ನಿಂತು ನೋಡುತ್ತಿದ್ದಳು.

"ನಿನಗ ನನ್ನಿಂದ ನಾಚಿಕಿ ಆಗತೈತಿ ನೀಲಿ," ಅಂದ. "ನನಗ ಗೊತ್ತೈತಿ. ಕಿವಿ ಮುಚಗೊಂಡ ಮಲಗೂದ ನೋಡೇನಿ. ಅತ್ತಿ ಜೋಡಿ ಹೋಗಬೇಕನಸಿದ್ರ ಹೋಗವಾ. ನಾ ಏನೂ ಅನ್ನೂದಿಲ್ಲ."

ಇಷ್ಟು ದಿನ ಇವನಿಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ರೊಟ್ಟಿ ಬಡಿದಿದ್ದ. ಏನೇನೋ ಹೇಳಬೇಕೆಂದುಕೊಂಡೆ, ಬಾಯಿಂದ ಹೊರಟದ್ದು ಒಂದೇ ಮಾತು.

"ಅದು ಕಹಿ ಐತಿ ಅಪ್ಪಾ. ಎಲ್ಲಾರೂ ತಿಪ್ಪಿಗೆ ಒಗದಾರ."

ಅಪ್ಪ ಕಾಯಿಯನ್ನು ಹೊಸ್ತಿಲಿಗೆ ಕುಟ್ಟಿ ಒಡೆದ. ಒಂದು ಚೂರು ಬಾಯಿಗೆ ಹಾಕಿಕೊಂಡು ಅಗಿದ. ಉಗುಳಲಿಲ್ಲ, ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡ. ಬೇಲಿಯಾಚೆ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಗುರವ್ವ ಹತ್ತಿರ ಬಂದಳು.

"ತಿನ್ನೂ ಕಾಯಿ ಅಲ್ಲ ಅದು, ಫಕ್ಕೀರಣ್ಣ. ಬೀಜ ತುಂಬಿಡಾಕ ಬುರುಡಿ ಮಾಡೂ ಕಾಯಿ. ನಿನ್ನ ಹೇಂತಿ ಅದರ ಬೀಜ ಸೂರಿನ ಕೆಳಗ ಬ್ಯಾರೆ ಬಡದಿಡತಿದ್ಲು. ನಿನಗ ಹೆಂಗ ಹೇಳೂದು? ಎರಡ ವರ್ಷದ ಮ್ಯಾಲೆ ನಿನ್ನ ಮಾರಿ ಮ್ಯಾಲೆ ನಗಿ ಕಂಡಿದ್ವಿ."

ಆಗ ಅಪ್ಪ ಉಗುಳಿದ. ಅತ್ತೆಯ ಕಡೆ ತಿರುಗಿದ, ಆದರೆ ಅವಳ ಮುಖ ನೋಡಲಿಲ್ಲ. ಅವನ ಕಿವಿ ಕೆಂಪಾಗಿತ್ತು.

"ಎರಡ ವರ್ಷ ಆಕಿ ಮಗ್ಗಲಾಗ ಕುಂತೆ ಅಕ್ಕಾ. ಎಲ್ಲಾ ಮಾಡಿದೆ ಅನಕೊಂಡಿದ್ದೆ. ಯಾವ ಬೀಜ ಯಾವುದು ಅಂತ ಒಂದ ಮಾತ ಕೇಳಲಿಲ್ಲ. ಆಕಿಗೆ ಹೇಳಾಕ ಎಷ್ಟಿತ್ತೋ ಏನೋ."

ಹೀಗೆಂದವನು ಅತ್ತುಬಿಟ್ಟ. ಅವ್ವ ಸತ್ತಾಗ ಅಳದಿದ್ದ ಅಪ್ಪ ಒಡೆದ ಸೋರೆಕಾಯಿಯನ್ನು ಮುಂದಿಟ್ಟುಕೊಂಡು ಅತ್ತ. ನಾನು ಹೋಗಿ ಅವನ ತೊಯ್ದ ಧೋತರದ ಚುಂಗು ಹಿಡಿದು ಕೂತೆ. ಗುರವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

ಅತ್ತೆ ಹೊಸ್ತಿಲು ದಾಟಿ ಹಿತ್ತಲಕ್ಕೆ ಇಳಿದಳು. ಚಪ್ಪರದ ಸುತ್ತ ಒಂದು ಸಲ ತಿರುಗಿದಳು, ಸೀರೆಯ ಪಟ್ಟಿಗಳನ್ನು ಮುಟ್ಟಿ ನೋಡಿದಳು. ಹೀರೆಕಾಯಿಯ ತುದಿ ಮುರಿದು ನೆಕ್ಕಿ, ಸಿಹಿಯಾಗಿದೆಯೆಂದು ಖಾತ್ರಿ ಮಾಡಿಕೊಂಡು ನಾಲ್ಕಾರು ಕಿತ್ತು ಸೆರಗಿನಲ್ಲಿ ತುಂಬಿಕೊಂಡಳು.

"ಏಳು, ರೊಟ್ಟಿ ಬಡಿ," ಅಂದಳು. "ಪಲ್ಯೆ ನಾ ಮಾಡತೇನಿ."

ಅವತ್ತು ಅಪ್ಪ ಬಾಗಿಲು ತೆರೆದಿಟ್ಟೇ ರೊಟ್ಟಿ ಬಡಿದ. ಅತ್ತೆ ಎದುರಿಗೆ ಕೂತು ಬಿಸಿ ರೊಟ್ಟಿಯನ್ನು ಒಂದರ ಮೇಲೊಂದು ಬಡಿಸಿಕೊಂಡು ತಿಂದಳು. ಮರುದಿನ ಚಕ್ಕಡಿ ಹತ್ತುವಾಗ ನನ್ನ ಗಂಟಿನ ಮಾತು ಬರಲಿಲ್ಲ. ಬುರುಡೆ ಒಣಗಿದ ಮೇಲೆ ತನಗೊಂದು ಬೇಕು, ಅದನ್ನು ತಂದುಕೊಡಲು ಇಬ್ಬರೂ ಕೂಡಿ ಬರಬೇಕು ಎಂದಷ್ಟೇ ಹೇಳಿ ಹೋದಳು.

ಉಳಿದ ಕಾಯಿಗಳನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟೆವು. ಸುಗ್ಗಿಯ ಹೊತ್ತಿಗೆ ಅಲುಗಾಡಿಸಿದರೆ ಒಳಗೆ ಬೀಜ ಸದ್ದು ಮಾಡುತ್ತಿತ್ತು. ಅಪ್ಪ ಅವನ್ನು ಕೊರೆದು ಬುರುಡೆ ಮಾಡಿ, ತಿಪ್ಪೆಗೆ ಎಸೆದ ಅದೇ ಮನೆಗಳಿಗೆ ಹಂಚಿದ. ಓಣಿಯವರು ಬಹಳ ವರ್ಷ ಅವುಗಳಲ್ಲಿ ಬೀಜ ಇಟ್ಟರು. ನನ್ನ ನಾಚಿಕೆ ಒಂದೇ ದಿನಕ್ಕೆ ಹೋಯಿತೆಂದರೆ ಸುಳ್ಳಾದೀತು. ಹುಡುಗರು ಅಂಗೈ ಬಡಿದಾಗ ಆಮೇಲೂ ತಲೆ ತಗ್ಗಿಸುತ್ತಿದ್ದೆ. ಕಿವಿ ಮಾತ್ರ ಮುಚ್ಚಿಕೊಳ್ಳಲಿಲ್ಲ.

ಈಗ ಆ ಹಿತ್ತಲಕ್ಕೆ ಸಿಮೆಂಟು ಹಾಕಿದ್ದಾರೆ, ಮೇಲೆ ಮೋಟಾರ್ ಸೈಕಲ್ಲುಗಳು ನಿಲ್ಲುತ್ತವೆ. ಬೀಜ ಅಂಗಡಿಯಲ್ಲಿ ಪಾಕೀಟಿನಲ್ಲಿ ಸಿಗುತ್ತದೆ. ತಿಪ್ಪೆ ಇಲ್ಲ, ಬುರುಡೆ ಇಲ್ಲ, ಕಹಿ ಕಾಯಿ ಕೊಟ್ಟರೂ ಚಲೋ ಇತ್ತೆನ್ನುವ ಓಣಿಯೂ ಇಲ್ಲ. ಅಪ್ಪ ಕೊನೆಗೆ ಹಾಸಿಗೆ ಹಿಡಿದಾಗ ನಾನು ಬಂದು ಅವನ ಮಗ್ಗುಲಲ್ಲಿ ಕೂತೆ. ಅವನು ಮಾಡಿದ ತಪ್ಪನ್ನು ನಾನು ಮಾಡಬಾರದೆಂದು ಒಂದೊಂದೇ ಬೀಜದ ವಿಷಯ ಕೇಳಿಕೊಂಡೆ. ಯಾವುದನ್ನು ಯಾವ ಮಳೆಗೆ ಊರಬೇಕು, ಯಾವುದಕ್ಕೆ ಬೂದಿ ಬೇಕು, ಎಲ್ಲವನ್ನೂ ಅವನು ಸಾವಕಾಶ ಹೇಳಿದ. ಈಗ ಅದೆಲ್ಲ ಗೊತ್ತಿದೆ, ಊರಲು ನೆಲವಿಲ್ಲ.

ಕೇಳದೆ ಬಿಟ್ಟದ್ದು ಬೇರೆಯೇ ಇತ್ತು. ಅವನಿಗೆ ರೊಟ್ಟಿ ಬಡಿಯಲು ಕಲಿಸಿದವರು ಯಾರು? ಹೊರಸಿನ ಮೇಲೆ ಮಲಗಿದ್ದ ಅವ್ವನೇ ಇರಬೇಕು. ಏಳಲಾಗದವಳು ಅಲ್ಲಿಂದಲೇ ಸಪ್ಪಳ ಕೇಳಿ ತಿದ್ದಿರಬೇಕು, ಇವನು ಏನಾದರೂ ಅಂದಿರಬೇಕು, ಇಬ್ಬರೂ ನಕ್ಕೂ ಇರಬಹುದು. ಅವರಿಬ್ಬರ ಆ ಮಾತೆಲ್ಲ ನನ್ನ ಎದುರಿಗೇ ನಡೆದಿತ್ತು. ನಾನು ಕೌದಿಯೊಳಗೆ ಕಿವಿ ಮುಚ್ಚಿಕೊಂಡು ಮಲಗಿದ್ದೆ.