ಎತ್ತರದ ಗಂಡನ್ನು ಬೇಡವೆಂದ ಅಮ್ಮ

ಅಮ್ಮ ಮದುವೆಯಾದದ್ದು ತನ್ನ ಸೋದರಮಾವನನ್ನೇ. ನಮ್ಮ ಬಾಗಲೂರಿನ ಕಡೆ ಇದೇನು ಹೊಸದಲ್ಲ. ಆದರೆ ಆ ಮನೆತನದಲ್ಲಿ ಎಲ್ಲರೂ ಕುಳ್ಳರು. ಅತ್ತಲೂ ಅದೇ ರಕ್ತ, ಇತ್ತಲೂ ಅದೇ ರಕ್ತ. ಎತ್ತರ ನನ್ನ ಬಳಿಗೆ ಬರಲು ದಾರಿಯೇ ಇರಲಿಲ್ಲ. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಪ್ರತಿ ವರ್ಷವೂ ಮೊದಲು ನಿಂತವಳು ನಾನೇ.

ಹೊಸೂರಿನ ಫ್ಯಾಕ್ಟರಿಯಲ್ಲಿ ನಮ್ಮ ಲೈನಿಗೆ ಸೂಪರ್‌ವೈಸರ್ ಬೇಕೆಂದಾಗ ಕಣದಲ್ಲಿ ಉಳಿದವರು ಇಬ್ಬರು: ನಾನು, ಮತ್ತು ಸಾನಮಾವು ಊರಿನ ಕಡೆಯ ಹುಡುಗಿ, ಒಂದು ತೆಂಗಿನಮರ. ಆ ಕೆಲಸ ನನಗೆ ಬೇಕೇಬೇಕಿತ್ತು. ಜನ ನನ್ನ ತಲೆಯ ಮೇಲಿಂದಲೇ ಮಾತಾಡಿಕೊಳ್ಳುವುದು ಸಾಕಾಗಿತ್ತು. ನಮ್ಮ ಸೂಪರ್‌ವೈಸರುಗಳೆಲ್ಲ ಉದ್ದನೆಯವರೇ ಎಂದು ಊಟ ಮಾಡುತ್ತಾ ಬಾಯಿಬಿಟ್ಟೆ. ಅಮ್ಮನಿಗೆ ಅಷ್ಟು ಸಾಕಾಯಿತು.

ಸಂದರ್ಶನದ ದಿನ ಬೆಳಿಗ್ಗೆ ನನ್ನನ್ನು ಕೂರಿಸಿಕೊಂಡು, ಚೌರಿ ಸೇರಿಸಿ, ನೆತ್ತಿಯ ಮೇಲೆ ಗೋಪುರದಂಥ ತುರುಬು ಕಟ್ಟಿದಳು. ಕನ್ನಡಿಯಲ್ಲಿ ನೋಡಿದರೆ ನಿಜಕ್ಕೂ ನಾಲ್ಕು ಬೆರಳು ಬೆಳೆದಿದ್ದೆ! ವ್ಯಾನಿನಲ್ಲಿ ತಲೆ ಅಲ್ಲಾಡಿಸದೆ ಕೂತು ಹೋದೆ. ಒಳಗೆ ಕಾಲಿಡಬೇಕಾದರೆ ಕೂದಲೆಲ್ಲ ಟೋಪಿಯೊಳಗಿರಬೇಕು ಎನ್ನುವುದು, ದಿನಾ ಟೋಪಿ ಹಾಕುವ ನನಗೇ ಮರೆತುಹೋಗಿತ್ತು. ಗೇಟಿನ ಸೆಕ್ಯೂರಿಟಿ ಅಕ್ಕ, "ಎನ್ನಮ್ಮಾ ಇದು?" ಎಂದು ತಮಿಳಿನಲ್ಲಿ ಕೇಳಿ ನಗುತ್ತಾ ಟೋಪಿಯನ್ನು ಒತ್ತಿ ಕೂರಿಸಿದಳು. ಗೋಪುರ ಒಂದು ಕಿವಿಯ ಮೇಲೆ ವಾಲಿತು. ಸಂದರ್ಶನದಲ್ಲಿ ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಉತ್ತರ ಕೊಟ್ಟೆ, ತಲೆ ಮಾತ್ರ ವಾರೆಯಾಗಿತ್ತು.

ಕೆಲಸ ತೆಂಗಿನಮರಕ್ಕೇ ಹೋಯಿತು. ಲೈನಿನ ಆ ತುದಿಯವರೆಗೂ ಕಣ್ಣು ಹಾಯುವವರು ಬೇಕಂತೆ. ನನಗೆ ಮೈಯೆಲ್ಲ ಉರಿಯಿತು.

"ಉದ್ದ ಇರೋರ್ಗೆ ಬುದ್ಧಿ ಮೊಣಕಾಲ ಕೆಳ್ಗೆ, ಬುಡು" ಎಂದ ಅಪ್ಪ, ಮನೆಯಲ್ಲಿ ಉಣ್ಣುತ್ತಾ. ಅಮ್ಮ ಮಾತ್ರ ಒಲೆಯ ಮುಂದೆ ಮೂಗು ಒರೆಸಿಕೊಳ್ಳುತ್ತಿದ್ದಳು.

"ಎಲ್ಲಾ ನನ್ನಿಂದ್ಲೇ ಕಣೆ. ಕೆಲಮಂಗಲದಿಂದ ಒಂದ್ ಗಂಡು ಬಂದಿತ್ತು, ನಮ್ ಬಾಗ್ಲಲ್ಲಿ ಬಗ್ಗಿ ಒಳಕ್ ಬಂದ. ಅಷ್ಟುದ್ದದೋನು ಬ್ಯಾಡ ಅಂದ್ಬುಟ್ಟೆ. ಅವನ್ನ ಕಟ್ಕಂಡಿದ್ರೆ ನೀನೂ ಉದ್ದಕ್ಕಿರ್ತಿದ್ದೆ."

ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದ.

"ಅಮ್ಮಾ, ಅವನ್ನ ಕಟ್ಕಂಡಿದ್ರೆ ಹುಟ್ತಿದ್ದೋಳು ಬೇರೆ ಯಾರೋ. ನಾನ್ ಎಲ್ಲಿರ್ತಿದ್ದೆ?" ಎಂದೆ.

ಅಮ್ಮ ನನ್ನನ್ನೇ ನೋಡಿದಳು. ಹೆದರಿದಳು ಎಂದೇ ಹೇಳಬೇಕು.

"ಹಂಗಾದ್ರೆ ಬ್ಯಾಡ" ಎಂದಳು. "ಆ ಕೆಲ್ಸಾನೂ ಬ್ಯಾಡ, ಆ ಗಂಡೂ ಬ್ಯಾಡ."

ಅಪ್ಪ ತಟ್ಟೆ ಮುಂದಕ್ಕೆ ತಳ್ಳಿ ಇನ್ನೊಂದು ಮುದ್ದೆ ಕೇಳಿದ.