ಮೋನಿಕಾಳ ಹದಿನಾಲ್ಕು ವಾರ

ನನ್ನ ಹೆಂಡತಿ ಮೋನಿಕಾ ಗಂಗಾನಗರದ ಒಂದು ಸಣ್ಣ ಶಾಲೆಯಲ್ಲಿ ಟೀಚರ್. ನಾನು ಯಶವಂತಪುರದ ಮಾರ್ಕೆಟ್‌ನಿಂದ ಈರುಳ್ಳಿ ಸಾಗಿಸುವ ಟೆಂಪೊ ಡ್ರೈವರ್. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು.

ಅವಳು ಮನೆಯಲ್ಲೇ ಕೂತು ಓದುವ ಇಂಗ್ಲಿಷ್ ಎಂ.ಎ.ಗೆ ಸೇರಿ ಇದು ನಾಲ್ಕನೇ ವರ್ಷ. ಓದು ಎರಡು ವರ್ಷದ್ದು. ಮುಗಿಸಲು ಯೂನಿವರ್ಸಿಟಿಯವರು ನಾಲ್ಕು ವರ್ಷಕ್ಕಿಂತ ಹೆಚ್ಚು ಕೊಡುವುದಿಲ್ಲ. ಮೂರು ಪೇಪರ್, ಒಂದು ಪ್ರಾಜೆಕ್ಟ್ ಬಾಕಿ. ಈ ಡಿಸೆಂಬರ್ ತಪ್ಪಿದರೆ ಪಾಸಾದ ಪೇಪರ್‌ಗಳೂ ಲೆಕ್ಕಕ್ಕಿಲ್ಲ.

ಸೆಪ್ಟೆಂಬರ್ ಮೊದಲ ಭಾನುವಾರ ಅವಳು ಚಾರ್ಟ್ ಪೇಪರಿನ ಮೇಲೆ ಹದಿನಾಲ್ಕು ವಾರಕ್ಕೆ ಹದಿನಾಲ್ಕು ಚೌಕ ಎಳೆದು ಗೋಡೆಗೆ ಅಂಟಿಸಿದಳು. ಪೇಪರ್ ಒಂದಕ್ಕೆ ಮೂರು ವಾರ, ಪ್ರಾಜೆಕ್ಟ್‌ಗೆ ನಾಲ್ಕು, ಹಬ್ಬಕ್ಕೆ ಒಂದು. ದಿನಾ ಸಂಜೆ ಆರರಿಂದ ಎಂಟು.

ಮೊದಲ ವಾರವೇ ಕೆಟ್ಟಿತು. ನಮ್ಮವ್ವ ನಾರಾಯಣಮ್ಮ ಬೆಂಗಳೂರಿನ ಅಂಚಿನ ನಮ್ಮೂರು ಸಿಂಗಾಪುರದ ಹಳಬರಿಗೆಲ್ಲ, ಸೊಸೆ ಇಂಗ್ಲಿಷ್ ಎಂ.ಎ. ಮಾಡುತ್ತಿದ್ದಾಳೆ, ಎಂಥ ಅರ್ಜಿಯಾದರೂ ಬರೆದುಕೊಡುತ್ತಾಳೆ ಎಂದು ಹೇಳಿಟ್ಟಿದ್ದಳು. ಸಂಜೆ ಆರಾದರೆ ಜಗಲಿ ತುಂಬಾ ಜನ. ಖಾತೆ, ನೀರಿನ ಕನೆಕ್ಷನ್, ಬೀದಿ ದೀಪ. ಇಂಗ್ಲಿಷಿನಲ್ಲಿದ್ದರೆ ಆಫೀಸಿನವರು ಹೆದರುತ್ತಾರಂತೆ.

ಮೂರು ವಾರ ಕಳೆಯಿತು. ಒಂದು ಪಾಠವೂ ಮುಗಿದಿರಲಿಲ್ಲ.

"ಅವ್ವಾ, ಸಂಜೆ ಬಾಗ್ಲು ಹಾಕ್ಕೋತೀನಿ" ಅಂದೆ.

"ಬಾಗ್ಲು ಆಕ್ಬುಟ್ರೆ ನಾಳೆ ಊರೋರ್ಗೆ ಮಕ ಎಂಗ್ಲಾ ತೋರ್ಸೋದು? ಎಲ್ಡ್ ಗೆರೆ ಗೀಚೋಕೇನು? ಅವ್ಳು ಓದ್ತಿರೋದು ಅದೇ ತಾನೆ?"

"ಅದಲ್ಲ ಅತ್ತೆ, ನಾಟಕ, ಪದ್ಯ ಓದ್ತಿರೋದು" ಅಂದಳು ಮೋನಿಕಾ.

"ನಾಟ್ಕಕ್ಕೂ ಪರೀಕ್ಸೆನಾ!"

ಅಷ್ಟರಲ್ಲಿ ಲಕ್ಕಣ್ಣ ಮಾವ ಬಂದರು. ಹೊಲ ಇದ್ದ ಜಾಗದಲ್ಲಿ ಮೂರಂತಸ್ತು ಕಟ್ಟಿ ಬಾಡಿಗೆಗೆ ಕೊಟ್ಟವರು. ಅವರ ಹೊಸ ಗೇಟಿಗೆ ಲೈಟ್ ಕಂಬ ಅಡ್ಡ. ಅದೇ ಅರ್ಜಿ, ಮೂರನೇ ಸಲ.

"ಈ ಸಲ ದೊಡ್ ದೊಡ್ ಪದ ಆಕವ್ವ. ಓದ್ದೋನು ಅಂಗೇ ಕುಂತ್ಬುಡ್ಬೇಕು."

ಮೋನಿಕಾ ಪೆನ್ನು ಕೆಳಗಿಟ್ಟಳು. "ಮಾವ, ಇವತ್ತೂ ನಾನು ಓದೋಕೆ ಕೂರ್ಲಿಲ್ಲ ಅಂದ್ರೆ ನಾಲ್ಕ್ ವರ್ಷ ಓದಿದ್ದು ನೀರಿಗ್ ಹೋಗುತ್ತೆ."  ಎದ್ದು ಒಳಗೆ ಹೋದಳು.

ನಾನು ಆ ಪೆನ್ನು ತೆಗೆದುಕೊಂಡೆ. "ಹೇಳಿ ಮಾವ. ಕನ್ನಡದಲ್ಲಿ ನಾನ್ ಬರೀತೀನಿ."

"ನೀನಾ? ಏಳ್ನೇ ಕ್ಲಾಸು!"

"ಕಂಬ ಪಕ್ಕಕ್ಕೆ ಹಾಕಿ ಅನ್ನೋಕೆ ಏಳ್ನೇ ಕ್ಲಾಸ್ ಸಾಕು."

ಮೂರು ಸಾಲು ಬರೆದೆ. ಮಾವ ಹಾಳೆ ಹಿಂದೆ ಮುಂದೆ ತಿರುಗಿಸಿದರು. "ಇಷ್ಟೇನಾ? ನಗ್ತಾರೆ ಕಣ್ಲಾ."

"ನಗ್ಲಿ. ನಕ್ಕಾದ್ಮೇಲೆ ಕಂಬ ಎತ್ತಲಿ."

ಮಾರನೇ ದಿನದಿಂದ ಅರ್ಧ ಜನ ಬರಲಿಲ್ಲ. ಬಂದವರಿಗೆ ನಾನೇ ಬರೆದೆ. ಅವ್ವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮೋನಿಕಾ ಹೊಸ ಚಾರ್ಟ್ ಎಳೆದಳು. ಹನ್ನೊಂದು ವಾರ. ಪೇಪರ್ ಒಂದಕ್ಕೆ ಎರಡೇ ವಾರ, ಪ್ರಾಜೆಕ್ಟ್‌ಗೆ ನಾಲ್ಕು, ಮತ್ತೊಮ್ಮೆ ಓದಲು ಒಂದು. ಹಬ್ಬ ಇಲ್ಲ.

"ಸಾಕಾಗುತ್ತಾ?"

"ಸಾಕಾಗ್ಬೇಕು ರೀ. ನೀವು ಜಗಲೀಲಿರಿ, ಅಷ್ಟೇ."

ಮೊದಲ ಪೇಪರಿನ ಓದು ಹದಿನೈದು ದಿನಕ್ಕೆ ಮುಗಿಯಿತು. ಒಂದು ದಿನ ತಡ. ನಡುವೆ ಒಂದು ಸಂಜೆ ತುಮಕೂರಿಗೆ ಲೋಡ್ ಇತ್ತು, ನಾನಿರಲಿಲ್ಲ. ಚಿಕ್ಕಮ್ಮನ ಪೆನ್ಷನ್ ಅರ್ಜಿ ಹಿಡಿದು ಅವ್ವ ಒಳಗೆ ನುಗ್ಗಿದ್ದಳು.

ಡಿಸೆಂಬರ್‌ವರೆಗೆ ಸಂಜೆ ಲೋಡ್ ಹೊಡೆಯಲ್ಲ ಎಂದು ಗಾಡಿ ಓನರ್ ಮುಜಫ್ಫರ್ ಭಾಯ್‌ಗೆ ಫೋನ್ ಮಾಡಿ ಹೇಳಿದ್ದೇನೆ.