ದಿವೆ ಘಾಟಿನಲ್ಲಿ ಸಕ್ಕುಬಾಯಿ ಬಾರಿಸಿದ ಹಾರ್ನು

ಇವತ್ತು ಲಾರಿ, ಬಸ್ಸು, ಕಾರುಗಳು ಒಂದರ ಬೆನ್ನಿಗೊಂದು ಅಂಟಿಕೊಂಡು ನಿಲ್ಲುವ, ಪುಣೆ ಹತ್ತಿರದ ಹಡಪಸರದ ರಸ್ತೆಗೆ ಒಂದು ಕಾಲದಲ್ಲಿ ಜಲ್ಲಿ ಒಡೆದು ಹಾಸಿದವರಲ್ಲಿ ಕಲಬುರ್ಗಿ ಸೀಮೆಯ ತಾಯಪ್ಪನೂ ಒಬ್ಬ. ಮೋಟಾರು ಬಂದರೆ ಜನ ಕೈಯ ಕೆಲಸ ಬಿಟ್ಟು ಎದ್ದು ನೋಡುತ್ತಿದ್ದ ದಿನಗಳವು. ಅವನ ಮಗಳು ಸಕ್ಕುಬಾಯಿ ಪುಣೆಯ ದಂಡು ಪ್ರದೇಶವಾದ ಲಷ್ಕರದಲ್ಲಿ ಒಬ್ಬ ವಿಧವೆ ಡಾಕ್ಟರಬಾಯಿಯ ಮನೆಗೆಲಸಕ್ಕೆ ಸೇರಿದ್ದಳು.

ಡಾಕ್ಟರಬಾಯಿ ಸುತ್ತಲ ಹಳ್ಳಿಗಳಿಗೆ ಹೆರಿಗೆ ಮಾಡಿಸಲು ಹೋಗುತ್ತಿದ್ದರು. ಅದಕ್ಕೆಂದೇ ಮೋಟಾರು ಕೊಂಡಿದ್ದರು. ಆದರೆ ಕೀಲುನೋವು ಹತ್ತಿ ಮೋಟಾರಿನ ಚಕ್ರ ತಿರುಗಿಸುವಷ್ಟು ಕೈಬಲ ಉಳಿಯಲಿಲ್ಲ. ಸಂಬಳಕ್ಕೆ ಇಟ್ಟುಕೊಂಡ ಡ್ರೈವರು ಕರೆದಾಗೆಲ್ಲ ಕುಡಿದು ಬಿದ್ದಿರುತ್ತಿದ್ದ. ಬೇಸತ್ತು ಒಂದು ದಿನ, "ಸಕ್ಕೂ, ನೀನೇ ಕಲಿ" ಅಂದುಬಿಟ್ಟರು. ಸಕ್ಕು ಸೀರೆಯ ಕಚ್ಚೆ ಬಿಗಿದು ಕೂತಳು. ಮೊದಲ ವಾರ ಕಂಪೌಂಡಿನ ಗೋಡೆ ಕೆಡವಿದಳು, ಆಮೇಲೆ ಮತ್ತೇನನ್ನೂ ಕೆಡವಲಿಲ್ಲ.

ತಾಯಪ್ಪ ತಲೆ ಮೇಲೆ ಕೈ ಹೊತ್ತ. "ಮೋಟಾರ ಹೊಡ್ಯಾಕಿನ್ನ ಯಾರ ಮಾಡ್ಕೋತಾರ?"

"ಮಾಡ್ಕೊಳ್ಳಾಂವ ಹೊಡ್ಯಾದ್ ನೋಡೇ ಮಾಡ್ಕೋತಾನ ಬಿಡಪಾ" ಅಂದಳು ಸಕ್ಕು.

ಅವಳ ಮನಸ್ಸಿನಲ್ಲಿ ಮಲಕಪ್ಪ ಇದ್ದ. ಜಲ್ಲಿ ಒಡೆಯುವವರ ಗುಡಿಸಲುಗಳಲ್ಲೇ ಅವಳೊಂದಿಗೆ ಬೆಳೆದವನು, ಈಗ ಟಾಂಗಾ ಹೊಡೆಯುತ್ತಿದ್ದ. ಅವನ ಕುದುರೆಯ ಹೆಸರು ಚಿಮಣಿ. ನಮ್ಮ ಕಡೆ ಚಿಮಣಿ ಅಂದರೆ ದೀಪ, ಮರಾಠಿಯಲ್ಲಿ ಗುಬ್ಬಿ. ಗುಬ್ಬಿಯ ಹಾಗೆಯೇ ಪುಕ್ಕಲು ಕುದುರೆ, ಆದರೆ ಅವನ ದನಿ ಕೇಳಿದರೆ ಸಾಕು, ಸುಮ್ಮನಾಗುತ್ತಿತ್ತು. ಮೋಟಾರುಗಳು ಟಾಂಗಾದವರ ಅನ್ನ ಕಸಿಯುತ್ತವೆಂದು ಟಾಂಗಾ ಅಡ್ಡೆಯಲ್ಲಿ ಎಲ್ಲರೂ ಬೈಯುತ್ತಿದ್ದರೂ ಮಲಕಪ್ಪ ಮಾತ್ರ ಬೈದವನಲ್ಲ. ಸಕ್ಕುವಿಗೆ ಒಂದೇ ಮಾತು ಹೇಳಿದ್ದ: "ಇಳಿಜಾರಿನ್ಯಾಗ ಕುದುರಿ ಹಿಂದ ಹಾರ್ನ್ ಬಾರಿಸಬ್ಯಾಡ. ಅದಕ್ಕ ನಿಲ್ಲಾಕ ಬರೂದಿಲ್ಲ, ಓಡಾಕೂ ಬರೂದಿಲ್ಲ."

ಸಕ್ಕು ತಲೆಯಾಡಿಸಿದ್ದಳು.

ಅಮಾಸಿಯ ಮರುದಿನ. ಸಾಸವಡದಲ್ಲಿ ಕಷ್ಟದ ಹೆರಿಗೆಯೊಂದನ್ನು ಮುಗಿಸಿಕೊಂಡು ಡಾಕ್ಟರಬಾಯಿ ಮರಳುತ್ತಿದ್ದರು. ತಾಯಿ ಮಗು ಇಬ್ಬರೂ ಉಳಿದಿದ್ದರು. ಬಾಯಿ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದರು. ದಿವೆ ಘಾಟು ಇಳಿಯುವಾಗ ಸಕ್ಕುವಿಗೆ ಮುಂದೆ ಒಂದು ಟಾಂಗಾ ಕಂಡಿತು. ಜೇಜುರಿಯ ಖಂಡೋಬನ ದರ್ಶನ ಮುಗಿಸಿದ ಒಬ್ಬ ಮುದುಕ ಅದರಲ್ಲಿ ಕೂತಿದ್ದ. ಹೊಡೆಯುವವನ ಬೆನ್ನು ನೋಡಿಯೇ ಅವಳಿಗೆ ಗುರುತು ಸಿಕ್ಕಿತು.

ಅವಳ ಎದೆ ಉಬ್ಬಿತು. ಇಷ್ಟು ದೊಡ್ಡ ಘಾಟಿನಲ್ಲಿ ಅವಳು ಒಬ್ಬಳೇ ಮೋಟಾರು ಇಳಿಸುತ್ತಿದ್ದಾಳೆ, ಅವನು ಒಂದು ಸಲ ತಿರುಗಿ ನೋಡಬಾರದೆ? ಕೈ ಹಾರ್ನಿನ ರಬ್ಬರ್ ಉಂಡೆಯ ಮೇಲೆ ಹೋಯಿತು. ಒತ್ತಿದಳು.

ಚಿಮಣಿ ಮುಂಗಾಲೆತ್ತಿ ಬದಿಗೆ ನೆಗೆಯಿತು. ಗಾಲಿ ಮೋರಿಯ ಕಲ್ಲಿಗೆ ಬಡಿದು ಟಾಂಗಾ ಮಗುಚಿತು. ಸಕ್ಕು ಬ್ರೇಕು ತುಳಿದು ಇಳಿದು ಓಡಿದಳು. ಮುದುಕನ ಕೈ ಮುರಿದಿತ್ತು. ಅವನ ಚೀಲದ ಭಂಡಾರವೆಲ್ಲ ಚೆಲ್ಲಿ ರಸ್ತೆ, ಗಾಲಿ, ಕುದುರೆಯ ಮೈ ಎಲ್ಲ ಅರಿಶಿನ. ಕುದುರೆಯ ಮುಂಗಾಲು ತಿರುಗಬಾರದ ಕಡೆ ತಿರುಗಿತ್ತು. ಮಲಕಪ್ಪ ಅದರ ತಲೆ ತೊಡೆಯ ಮೇಲಿಟ್ಟುಕೊಂಡು ಏನೋ ಹೇಳುತ್ತಲೇ ಇದ್ದ.

ಡಾಕ್ಟರಬಾಯಿ ಮುದುಕನ ಕೈಗೆ ಪಟ್ಟಿ ಕಟ್ಟುತ್ತಿರುವಾಗ ಘಾಟಿನ ಚೌಕಿಯ ಪೊಲೀಸ ಬಂದ. "ಮೋಟಾರು ಯಾರು ಹೊಡೆಯುತ್ತಿದ್ದರು?" ಎಂದು ಮರಾಠಿಯಲ್ಲಿ ಕೇಳಿದ.

"ನಾನು" ಅಂದರು ಬಾಯಿ, ತಲೆಯೆತ್ತದೆ.

ಪೊಲೀಸ ಮಲಕಪ್ಪನ ಕಡೆ ತಿರುಗಿದ. ಮಲಕಪ್ಪ ಸಕ್ಕುವನ್ನು ಒಂದು ಸಲ ನೋಡಿದ. "ಮೋಟಾರಿನ ತಪ್ಪಿಲ್ಲ ಸಾಹೇಬ್ರ. ಕುದುರಿ ತಾನ ಬೆದರಿತು."

ಅವಳು ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಹೊಡೆದದ್ದು ತಾನೆಂದು ಹೇಳಬೇಕಿತ್ತು. ಹೇಳಲಿಲ್ಲ. ಬೆದರುವ ಕುದುರೆ ಹೂಡಿದ ತಪ್ಪಿಗೆ ಪೊಲೀಸ ಮಲಕಪ್ಪನ ತೋಳಿನಿಂದ ಟಾಂಗಾ ಪರವಾನಗಿಯ ಹಿತ್ತಾಳೆ ಬಿಲ್ಲೆ ಬಿಚ್ಚಿಕೊಂಡ. ಸಂಜೆಯೊಳಗೆ ದನದ ಡಾಕ್ಟರು ಬಂದು ಕುದುರೆಗೆ ಗುಂಡು ಹಾಕಿಸಿದ.

ಆಮೇಲೆ ಅವಳಿಗೆ ಊಟ ಇಳಿಯಲಿಲ್ಲ. ಡಾಕ್ಟರಬಾಯಿಯೇನೋ ಸಮಾಧಾನ ಹೇಳಿದರು, "ನಿನ್ನ ಲೈಸೆನ್ಸ್ ಹೋದರೆ ಹಳ್ಳಿಯ ಬಸುರಿಯರ ಗತಿ ಏನು?" ಆ ಮಾತು ನಿಜವಾಗಿದ್ದರಿಂದಲೇ ಸಕ್ಕುವಿಗೆ ಮತ್ತಷ್ಟು ನಾಚಿಕೆಯಾಯಿತು. ಅದರ ಮರೆಯಲ್ಲಿ ತಾನು ಅಡಗಿ ಕೂತಿದ್ದೇನೆ ಅನ್ನಿಸಿತು. ಒಂದು ಸಂಜೆ ತಾಯಪ್ಪ ರೊಟ್ಟಿ ಮುರಿಯುತ್ತ ಅಂದ, "ಮಲಕ್ಯಾ ನಮ್ಮ ಜೋಡಿ ಜಲ್ಲಿ ಒಡ್ಯಾಕ ಬಂದಾನ. ರೂಢಿ ತಪ್ಪೇದ, ಕೈಯೆಲ್ಲ ಬೊಬ್ಬಿ."

ಮರುದಿನ ಬೆಳಿಗ್ಗೆ ಅವಳು ಟಾಂಗಾ ಅಡ್ಡೆಗೆ ನಡೆದು ಹೋದಳು. ಎಲ್ಲರ ಎದುರಿಗೆ, ತನಗೆ ಬರುವ ಮರಾಠಿಯಲ್ಲಿ, ಮೋಟಾರು ಹೊಡೆದದ್ದೂ ಹಾರ್ನು ಬಾರಿಸಿದ್ದೂ ತಾನೇ ಎಂದಳು. ಮನೆಗೆಲಸದವಳು ಮೋಟಾರು ಹೊಡೆಯುವುದನ್ನು ಅಲ್ಲಿ ಯಾರೂ ಕಂಡಿರಲಿಲ್ಲ, ನಕ್ಕರು. ಅಡ್ಡೆಯ ಹಿರಿಯ ಅಂಬಾದಾಸ ಬೀಡಿ ಆರಿಸಿ, "ಹುಡುಗನ ಮೇಲೆ ಜೀವ ಇಟ್ಟಿದ್ದಿ ಮಗಳೇ, ತಿಳೀತು. ಅದಕ್ಕಾಗಿ ಇಂಥ ಸುಳ್ಳು ಹೇಳಬಾರದು" ಅಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ಕನಿಕರವನ್ನು ತಡೆಯಲಾಗಲಿಲ್ಲ. ಮನೆಗೆ ಬಂದು ಡಾಕ್ಟರಬಾಯಿಗೆ, "ನೀವು ಬಂದರೂ ಸರಿ, ಬರದಿದ್ದರೂ ಸರಿ, ನಾನು ಪೊಲೀಸ್ ಕಚೇರಿಗೆ ಹೋಗಿ ಹೇಳುತ್ತೇನೆ" ಅಂದಳು. ಬಾಯಿ ಶಾಲು ಹೊದ್ದುಕೊಂಡು ಹೊರಟರು. ಸಕ್ಕುವೇ ಗಾಡಿ ಹೊಡೆದಳು. ದಾರಿಯಲ್ಲಿದ್ದ ಅಡ್ಡೆಗೆ ಬಹಳ ದೂರವಿರುವಾಗಲೇ ವೇಗ ಇಳಿಸಿ, ಕುದುರೆಗಳು ಬೆದರದಂತೆ ನಡಿಗೆಯ ಗತಿಯಲ್ಲಿ ಸಾಗಿದಳು. ಅಂಬಾದಾಸ ನಿಂತಲ್ಲೇ ನಿಂತು ನೋಡಿದ. ಯಾರೂ ನಗಲಿಲ್ಲ.

ಮಲಕಪ್ಪನ ಬಿಲ್ಲೆ ವಾಪಸು ಬಂತು. ಸಕ್ಕುವಿನ ಲೈಸೆನ್ಸು ಒಂದು ವರ್ಷ ಹೋಯಿತು. ಬಿಲ್ಲೆ ಕೊಡಲು ಅವಳೇ ಜಲ್ಲಿ ಒಡೆಯುವಲ್ಲಿಗೆ ಹೋದಳು.

ಅವನು ಸುತ್ತಿಗೆ ಕೆಳಗಿಟ್ಟ. "ಹೇಳೂದು ಬೇಕಾಗಿದ್ದಿಲ್ಲ."

"ನೀನೂ ಮುಚ್ಚೂದು ಬೇಕಾಗಿದ್ದಿಲ್ಲ."

"ಯಾಕ ಬಾರಿಸಿದಿ ಸಕ್ಕು? ನಾ ಹೇಳಿದ್ನಲ್ಲ."

ಅವಳು ನೆಲ ನೋಡಿದಳು. "ನೀ ತಿರುಗಿ ನೋಡ್ಲಿ ಅಂತ."

ಮಲಕಪ್ಪ ಬಿಲ್ಲೆಯನ್ನು ಅಂಗಿಗೆ ಒರೆಸಿದ. ಆಮೇಲೆ ಮೆಲ್ಲಗೆ ಅಂದ, "ನಿನ್ನ ಗಾಡಿ ಸಪ್ಪಳ ನನಗ ಘಾಟಿನ ತುದಿಯಿಂದನ ಗೊತ್ತಾಗಿತ್ತು."

ಸಕ್ಕು ಅಲ್ಲೇ ಜಲ್ಲಿಯ ರಾಶಿಯ ಮೇಲೆ ಕೂತು ಅತ್ತಳು. ಅವನು ಹತ್ತಿರ ಬರಲಿಲ್ಲ, ಎದ್ದು ಹೋಗಲೂ ಇಲ್ಲ.

ಮದುವೆಯಾಯಿತು, ಎರಡು ವರ್ಷ ತಡೆದು. ಅಷ್ಟು ದಿನ ಮಲಕಪ್ಪನಿಗೆ ಅವಳ ಎದುರು ಕುದುರೆಯ ಮಾತಾಡಲು ಆಗುತ್ತಿರಲಿಲ್ಲ, ಅವಳಿಗೆ ಅವನ ಎದುರು ಮತ್ತೇನನ್ನೂ ಮಾತಾಡಲು ಆಗುತ್ತಿರಲಿಲ್ಲ. ಅವನು ಅಂಬಾದಾಸನ ಟಾಂಗಾ ಹೊಡೆದ. ಲೈಸೆನ್ಸು ಮರಳಿದ ಮೇಲೆ ಅವಳು ಮತ್ತೆ ಡಾಕ್ಟರಬಾಯಿಯನ್ನು ಹಳ್ಳಿಹಳ್ಳಿಗೆ ಕರೆದೊಯ್ದಳು.

ಮುಂದೆ ಕನ್ನಡದ ಮನೆಗಳಲ್ಲಿ ಅರಿಶಿನ ಕುಂಕುಮಕ್ಕೆ ಕರೆದಾಗ ಹೆಂಗಸರು ಹೊಸಬರಿಗೆ ಅವಳನ್ನು ತೋರಿಸಿ, "ಗಂಡಸರ ಹಂಗ ಮೋಟಾರ ಹೊಡೀತಾರ್ರಿ ನಮ್ಮ ಸಕ್ಕುಬಾಯಾರು" ಎಂದು ಹೆಮ್ಮೆಪಡುತ್ತಿದ್ದರು. ಆಗೆಲ್ಲ ಅವಳ ಮುಖ ಕೆಂಪಾಗುತ್ತಿತ್ತು. "ಒಂದ ಕುದುರಿ ಕೊಂದೀನ್ರಿ, ಅದನ್ನೂ ಹೇಳ್ರಿ" ಅನ್ನುತ್ತಿದ್ದಳು. ಹಬ್ಬದ ಮನೆಯಲ್ಲಿ ಅಂಥ ಮಾತು ಯಾರಿಗೆ ಬೇಕು? ಅವರು ಮಾತು ಬದಲಿಸುತ್ತಿದ್ದರು. ಅವಳು ಕುಂಕುಮ ಹಚ್ಚಿಸಿಕೊಂಡು ಬೇಗ ಎದ್ದು ಮನೆಗೆ ಬರುತ್ತಿದ್ದಳು.